ಕಿಟಕಿ ಮುಚ್ಚಿದ ಕಾರು

ತೆರ್ಮೆಜ್ ಊರಿನ ಬಜಾರಿನ ತಿರುವಿನಲ್ಲಿ ಕೆಂಪು ದೀಪ ಬಿದ್ದ ಕೂಡಲೇ ಶೋಮುರೋದ್ ಕಾರಿನ ನಾಲ್ಕೂ ಕಿಟಕಿಗಳ ಗಾಜನ್ನು ಸರಸರ ಮೇಲಕ್ಕೇರಿಸಿದ. ಪಕ್ಕದಲ್ಲಿ ಬಂದು ನಿಂತದ್ದು ಎದುರುಮನೆಯ ಹೋತಮ್ ಅಣ್ಣನ ಕಾರು. ಅದರ ಗಾಜುಗಳೂ ಮುಚ್ಚಿದ್ದವು. ಇಬ್ಬರೂ ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿ, ಮುಗುಳ್ನಕ್ಕರು. ಹೋತಮ್ ಅಣ್ಣನ ಹಣೆ ಒಣಗಿತ್ತು. ಶೋಮುರೋದನ ಬೆವರು ಹುಬ್ಬು ದಾಟಿ, ಮೀಸೆ ದಾಟಿ, ಬಾಯಿಗೇ ಇಳಿಯುತ್ತಿತ್ತು. ಆದರೂ ನಗು ಕದಲಲಿಲ್ಲ.

ಚಿಲ್ಲಾ ನಡೆಯುತ್ತಿತ್ತು. ಬೇಸಿಗೆಯ ಉರಿ ನೆತ್ತಿಗೇರುವ ನಲವತ್ತು ದಿನಗಳಿಗೆ ಅಲ್ಲಿ ಆ ಹೆಸರು. ಆ ದಿನಗಳಲ್ಲಿ ಕಿಟಕಿ ತೆರೆದು ಕಾರು ಓಡಿಸುವುದೆಂದರೆ ‘ನನ್ನ ಎ.ಸಿ. ಸತ್ತಿದೆ’ ಎಂದು ಬೋರ್ಡು ತಗುಲಿಸಿಕೊಂಡ ಹಾಗೆ. ಶಾಲೆಯಲ್ಲಿ ಭೂಗೋಳ ಕಲಿಸುವ ಶೋಮುರೋದನ ಎ.ಸಿ. ಸತ್ತು ಎರಡು ಬೇಸಿಗೆಗಳಾಗಿದ್ದವು. ಆ ಸುದ್ದಿ ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಖೋಲಿದಾಳಿಗೆ ಮಾತ್ರ. (ಮೊಹಲ್ಲಾದವರಿಗೆಲ್ಲ ಗೊತ್ತಿತ್ತು, ಅವರಿಗೆ ಗೊತ್ತಿದೆಯೆಂಬುದು ಅವನಿಗೆ ಗೊತ್ತಿರಲಿಲ್ಲ.)

ಇದು ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಕಳೆದ ತಿಂಗಳು ಮಗಳು ಮುನಿಸಾಳನ್ನು ಕೊಡಲಿರುವ ಮನೆ ನೋಡಲು ಗಂಡ ಹೆಂಡಿರು ತಾಷ್ಕೆಂಟಿಗೆ ಹೋಗಿದ್ದರು. ಪಲಾವಿನ ತಟ್ಟೆಯ ಮುಂದೆ ಕೂತಿದ್ದಾಗ ಬೀಗಿತಿ ಸನೋಬರ್, “ಮದುವೆ ದಿನ ಗೊತ್ತುಮಾಡೋಕೆ ನಿಮ್ಮೂರಿಗೆ ಬರ್ಬೇಕು. ಈ ಚಿಲ್ಲಾದಲ್ಲಿ ಹೇಗೋ ಏನೋ,” ಎಂದಿದ್ದರು. ಆಗ ಶೋಮುರೋದ್ ಎದೆಯ ಮೇಲೆ ಕೈಯಿಟ್ಟು ಘೋಷಿಸಿದ್ದ: “ಬೀಗಿತಿಯವರೇ, ನಮ್ಮ ಕಾರಲ್ಲಿ ಕೂತ್ರೆ ನಿಮಗೆ ಚಳಿ ಕೋಟು ಬೇಕಾಗುತ್ತೆ!”

ಬೀಗರು ನಾಳೆ ಬೆಳಗಿನ ರೈಲಿಗೆ ಬರುವವರಿದ್ದರು.

“ಚಳಿ ಕೋಟಂತೆ!” ಖೋಲಿದಾ ಅಂಗಳದಲ್ಲಿ ಕ್ಯಾರೆಟ್ಟು ಹೆಚ್ಚುತ್ತ ಹೇಳಿದಳು. “ಸೆಕೆಗೆ ತಲೆ ತಿರುಗಿ ಆಯಮ್ಮ ಸ್ಟೇಷನ್ನಿಂದಾನೇ ವಾಪಸ್ ಹೊರಟ್ರೆ, ಮುನಿಸಾಗೆ ಏನಂತ ಹೇಳ್ತೀರಾ?”

“ಕಂಪ್ರೆಸರ್ ಬಂದಿದೆ ಕಣೇ. ಎರ್ಗಾಶ್ ಉಸ್ತಾ ಈಗ ಬರ್ತಾನೆ.”

“ಈಗ ಅಂತ ಬೆಳಗ್ಗೆಯಿಂದ ಹೇಳ್ತಿದೀರಾ.”

ಶೋಮುರೋದ್ ಮತ್ತೊಮ್ಮೆ ಗೇಟಿನವರೆಗೆ ಹೋಗಿ ಬೀದಿ ನೋಡಿ ಬಂದ. ಕೂತ. ಎದ್ದ. ಹೊಸ ಕಂಪ್ರೆಸರನ್ನು ಪೆಟ್ಟಿಗೆಯಿಂದ ತೆಗೆದು, ಮಗು ಎತ್ತಿಕೊಂಡಂತೆ ಎತ್ತಿಕೊಂಡು, ಮತ್ತೆ ಪೆಟ್ಟಿಗೆಯಲ್ಲಿ ಮಲಗಿಸಿದ.

ಮೆಕ್ಯಾನಿಕ್ ಎರ್ಗಾಶ್ ಉಸ್ತಾ ಬಂದ. ಚಹಾ ಕುಡಿದ. ಕರಬೂಜ ತಿಂದ. ಬಾನೆಟ್ ಎತ್ತಿ ಒಳಗೆ ನೋಡಿ, ಯಾರಾದರೂ ಸತ್ತ ಮನೆಗೆ ಬಂದವನಂತೆ ತಲೆಯಾಡಿಸಿದ. ಹಿಂದೆಯೇ ಹೋತಮ್ ಅಣ್ಣನೂ ಬಂದು ನಿಂತ.

“ಏನಪ್ಪಾ ಮಾಸ್ತರೇ, ನಿನ್ನ ಎ.ಸಿ. ಚೆನ್ನಾಗೇ ಇತ್ತಲ್ಲ? ಯಾವಾಗ್ಲೂ ಗಾಜು ಮುಚ್ಕೊಂಡೇ ಓಡಾಡ್ತಿದ್ದೆ.”

“ಚೆನ್ನಾಗೇ ಇದೆ ಅಣ್ಣ. ಇನ್ನೂ ಸ್ವಲ್ಪ ತಣ್ಣಗಿರ್ಲಿ ಅಂತ.”

“ಹೌದು ಹೌದು,” ಎಂದ ಹೋತಮ್ ಅಣ್ಣ ಬಹಳ ಗಂಭೀರವಾಗಿ.

ಉಸ್ತಾ ಬೆಲ್ಟು ಬಿಚ್ಚಿ, ಇನ್ನೇನು ಕೊಳವೆಗಳಿಗೆ ಕೈ ಹಾಕಬೇಕು, ಆಗ ದಕ್ಷಿಣದಿಂದ ಗಾಳಿ ಎದ್ದಿತು. ನದಿಯಾಚೆಯಿಂದ ಬರುವ ಆ ದೂಳುಗಾಳಿಗೆ ಅವರು ‘ಅಫ್ಘಾನಿ’ ಎನ್ನುತ್ತಾರೆ. ಅದರ ದಿಕ್ಕು, ವೇಗ, ಕಾಲವನ್ನೆಲ್ಲ ಶೋಮುರೋದ್ ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ. ಕಾರನ್ನು ಮಾತ್ರ ಸರಿಯಾಗಿ ಅದರ ಬಾಯಿಗೇ ತಂದು ನಿಲ್ಲಿಸಿದ್ದ.

“ಆಗಲ್ಲ,” ಎಂದ ಉಸ್ತಾ ಸ್ಪ್ಯಾನರ್ ಕೆಳಗಿಟ್ಟು. “ಕೊಳವೆಯೊಳಗೆ ಒಂದು ಚಿಟಿಕೆ ದೂಳು ಹೋದ್ರೂ ಹೊಸದೂ ಹಾಳು. ಗಾಳಿ ನಿಲ್ಲಲಿ.”

“ಯಾವಾಗ ನಿಲ್ಲುತ್ತೆ?”

“ಮಾಸ್ತರು ನೀವು. ನೀವೇ ಹೇಳ್ಬೇಕು.”

ಶೋಮುರೋದ್ ಒಳಗೆ ಓಡಿದ. ಹೊರಬಂದಾಗ ತೋಳುಗಳಲ್ಲಿ ಮುಖ ಮುಚ್ಚುವಷ್ಟು ರಜಾಯಿಗಳಿದ್ದವು. ಮುನಿಸಾಳ ಮದುವೆಗೆಂದು ಖೋಲಿದಾ ಮೂರು ವರ್ಷದಿಂದ ಹೊಲಿಸಿ, ಗೋಡೆಯುದ್ದಕ್ಕೂ ಪೇರಿಸಿಟ್ಟಿದ್ದ ರೇಷ್ಮೆಯ ರಜಾಯಿಗಳು. ಅವನ್ನು ದ್ರಾಕ್ಷಿ ಚಪ್ಪರದ ಕಂಬಗಳಿಗೆ ಕಟ್ಟಿ ಕಾರಿನ ಸುತ್ತ ಅವನು ಒಂದು ಡೇರೆಯನ್ನೇ ನಿರ್ಮಿಸಿದ. ಒಳಗೆ ಉಸ್ತಾ ಕೆಲಸ ಮುಂದುವರಿಸಿದ. ಹೋತಮ್ ಅಣ್ಣ ಒಂದು ತುದಿ ಹಿಡಿದು ನಿಂತು ರೇಷ್ಮೆಯ ಗುಣಮಟ್ಟವನ್ನು ಹೊಗಳಿದ.

ಗಾಳಿಯ ಸದ್ದಿಗಿಂತ ದೊಡ್ಡ ಸದ್ದು ಅಡುಗೆಮನೆಯ ಬಾಗಿಲಿಂದ ಬಂತು.

“ಅಯ್ಯೋ ನನ್ನ ಕರ್ಮವೇ! ಮಗಳ ಮದುವೆ ರಜಾಯಿ ರೀ ಅದು!”

“ಮಗಳ ಮದುವೆಗೇ ಕಣೇ ಇದೆಲ್ಲಾ!”

ಹಳೆಯ ಕಂಪ್ರೆಸರ್ ಹೊರಬಿತ್ತು. ಹೊಸದು ಕೂತಿತು. ಎಣ್ಣೆ, ಹೊಸ ಫಿಲ್ಟರು, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯುವ ಯಂತ್ರ, ಆಮೇಲೆ ಗ್ಯಾಸು. ಸಂಜೆಯ ಹೊತ್ತಿಗೆ ಉಸ್ತಾ ಗುಂಡಿ ತಿರುಗಿಸಿದ. ತಂಪು ಗಾಳಿ ಬಂದು ಮುಖಕ್ಕೆ ತಾಗಿದಾಗ ಶೋಮುರೋದನ ಕಣ್ಣು ಒದ್ದೆಯಾಯಿತು. ಕೆಂಪು ರಜಾಯಿಯ ನಡುವೆ ಅಂಗೈಯಗಲ ಮಸಿ ಬಿದ್ದಿತ್ತು. ಅದನ್ನು ನೋಡಿದ ಖೋಲಿದಾಳ ಕಣ್ಣೂ ಒದ್ದೆಯಾಯಿತು. ಕಾರಣ ಮಾತ್ರ ಬೇರೆ.

ಮರುದಿನ ಬೆಳಗ್ಗೆ ರೈಲು ಬರುವ ಮೊದಲೇ ಅವನು ಕಾರನ್ನು ಹಿಮಗಡ್ಡೆ ಮಾಡಿ ನಿಲ್ಲಿಸಿದ್ದ. ಬೀಗರು ಸೈದಕ್ಬರ್ ತೆಳ್ಳನೆಯ ಅಂಗಿಯಲ್ಲಿ ಇಳಿದರು. ಹಿಂದೆ ಸನೋಬರ್ ಇಳಿದರು: ಉಣ್ಣೆಯ ಶಾಲು, ಉಣ್ಣೆಯ ಕಾಲುಚೀಲ, ಸೊಂಟಕ್ಕೆ ಸುತ್ತಿದ ಇನ್ನೊಂದು ಶಾಲು. ಶೋಮುರೋದ್ ಕಾರಿನ ಬಾಗಿಲು ತೆರೆದ. ತಂಪು ಹೊರಗೆ ಹರಿಯಿತು.

ಸನೋಬರ್ ಒಂದು ಹೆಜ್ಜೆ ಹಿಂದೆ ಸರಿದರು. “ನನಗೆ ಗೊತ್ತಿತ್ತು. ಚಳಿ ಕೋಟು ಬೇಕಾಗುತ್ತೆ ಅಂತ ನೀವೇ ಹೇಳಿದ್ರಲ್ಲ, ಅದಕ್ಕೇ ತಯಾರಾಗಿ ಬಂದೆ. ಆದ್ರೂ ಬೀಗರೇ, ಈ ಗಾಳಿ ಸೊಂಟಕ್ಕೆ ಹಿಡೀತು ಅಂದ್ರೆ ನಾನು ಮದುವೆ ದಿನ ಏಳೋ ಹಾಗಿಲ್ಲ. ಅದನ್ನ ಆರಿಸಿಬಿಡಿ.”

“ಸ್ವಲ್ಪ ಕಡಿಮೆ ಮಾಡ್ಲಾ?”

“ಆರಿಸಿ.”

ಆರಿಸಿದ. ಕಿಟಕಿಯ ಗಾಜು ಇಳಿಸಲು ಬೆರಳು ಚಾಚಿದ.

“ಅಯ್ಯೋ, ಗಾಳಿ ನುಗ್ಗುತ್ತೆ! ಕುತ್ತಿಗೆ ಹಿಡಿಯುತ್ತೆ! ಮುಚ್ಚಿ, ಮುಚ್ಚಿ.”

ಹೀಗೆ ಹೊಚ್ಚ ಹೊಸ ಕಂಪ್ರೆಸರಿನ ಕಾರು ನಾಲ್ಕೂ ಗಾಜು ಮುಚ್ಚಿಕೊಂಡು, ಒಳಗೆ ಒಲೆಯಂತೆ ಕಾಯುತ್ತ, ಬಜಾರಿನ ತಿರುವಿಗೆ ಬಂತು. ಕೆಂಪು ದೀಪ. ಪಕ್ಕದಲ್ಲಿ ಹೋತಮ್ ಅಣ್ಣ. ಈ ಸಲ ಅವನು ನಿಜವಾದ ಗೌರವದಿಂದ ತಲೆ ಬಾಗಿಸಿದ. ಶೋಮುರೋದನ ಬೆವರು ಹುಬ್ಬು ದಾಟಿ ಮೀಸೆಗಿಳಿಯಿತು.

ಮಧ್ಯಾಹ್ನ ಪಲಾವು ಮುಗಿಯಿತು. ಮದುವೆ ನವೆಂಬರಿಗೆಂದು ಗೊತ್ತಾಯಿತು. ಮಸಿಯ ಬದಿ ಕೆಳಗಾಗಿ ಹಾಸಿದ ಕೆಂಪು ರಜಾಯಿಯ ಮೇಲೆ ಸನೋಬರ್ ನಿದ್ದೆಹೋದರು, ಖೋಲಿದಾಳೂ ಒರಗಿದಳು. ಶೋಮುರೋದ್ ಮಾತ್ರ ಮಗ್ಗುಲು ಬದಲಿಸುತ್ತಲೇ ಇದ್ದ. ಕೊನೆಗೆ ಬೆಕ್ಕಿನ ಹೆಜ್ಜೆಯಲ್ಲಿ ಅಂಗಳಕ್ಕೆ ಬಂದ. ಕಾರಿನ ಇಂಜಿನ್ ಸಣ್ಣಗೆ ಗುರುಗುಟ್ಟುತ್ತಿತ್ತು. ಒಳಗೆ, ತಂಪು ಗಾಳಿಯ ಬಾಯಿಗೇ ಕುತ್ತಿಗೆಯೊಡ್ಡಿ, ಕಣ್ಣುಮುಚ್ಚಿ ಸೈದಕ್ಬರ್ ಕೂತಿದ್ದರು.

“ಬಾಗಿಲು ಹಾಕಿ ಬೀಗರೇ, ತಂಪು ಹೋಗುತ್ತೆ,” ಎಂದರು ಅವರು ಕಣ್ಣು ತೆರೆಯದೆ. “ಮದುವೆ ಆದಾಗಿಂದ ಇಂಥ ಗಾಳಿ ಕಂಡಿಲ್ಲ ನಾನು.”

ಶೋಮುರೋದ್ ಪಕ್ಕದಲ್ಲಿ ಕೂತು ಗುಂಡಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದ. ಇಬ್ಬರೂ, ಹೆಂಗಸರು ಕೆಮ್ಮುವ ಸದ್ದು ಕೇಳುವವರೆಗೂ, ಪರಮಸುಖದಲ್ಲಿ ನಡುಗಿದರು.

ಬೆಳಗಾಗುವಷ್ಟರಲ್ಲಿ ಸೈದಕ್ಬರ್ ಅವರ ಕುತ್ತಿಗೆ ಎಡಕ್ಕೆ ಹಿಡಿದು, ಅಲ್ಲೇ ನಿಂತುಬಿಟ್ಟಿತ್ತು.

“ನಾನು ಹೇಳ್ಲಿಲ್ವಾ?” ಸನೋಬರ್ ಗಂಡನ ಕುತ್ತಿಗೆಗೆ ಶಾಲು ಬಿಗಿಯುತ್ತ ಕೇಳಿದರು. “ಸ್ಟೇಷನ್ನಲ್ಲಿ ಬಾಗಿಲು ತೆಗೆದಾಗ ಬಂತಲ್ಲ, ಅಷ್ಟು ಗಾಳಿಗೇ ಹೀಗಾಗಿದೆ!”

ಸೈದಕ್ಬರ್ ತಿರುಗಿದ ಕುತ್ತಿಗೆಯಿಂದಲೇ ಶೋಮುರೋದನನ್ನು ನೋಡಿದರು. ಶೋಮುರೋದ್ ತಲೆ ತಗ್ಗಿಸಿ ರೊಟ್ಟಿ ಮುರಿಯತೊಡಗಿದ. ತಣ್ಣಗೆ ಕೊರೆಯುತ್ತಿದ್ದ ಇಬ್ಬರ ಅಂಗಿಯನ್ನೂ ನಿನ್ನೆ ಸಂಜೆಯೇ ಮುಟ್ಟಿ ನೋಡಿದ್ದ ಖೋಲಿದಾ ಚಹಾ ಸುರಿಯುತ್ತ, “ಅಷ್ಟೇ ಗಾಳಿ ಬೀಗಿತಿಯವರೇ,” ಎಂದಳು. “ನಮ್ಮನೆಯವರಿಗೂ ಒಂದು ಶಾಲು ಇದ್ರೆ ಕೊಡಿ. ಅವರೂ ಅಲ್ಲೇ ಇದ್ರು.”

ಮದುವೆ ಗೊತ್ತಾದರೆ ಬರುವೆನೆಂದು ಖೋಲಿದಾ ಹೊತ್ತಿದ್ದ ಹರಕೆ ತೀರಿಸಲು ಅಂದು ಎಲ್ಲರೂ ಬೆಟ್ಟದ ತಪ್ಪಲಿನ ದರ್ಗಾಕ್ಕೆ ಹೋಗಬೇಕಿತ್ತು. ಅರ್ಧ ದಿನದ ದಾರಿ. ಕಾರು ಹೊರಟಾಗ ನಾಲ್ಕೂ ಗಾಜು ಮುಚ್ಚಿತ್ತು, ಎ.ಸಿ. ಆರಿತ್ತು, ಓಡಿಸುತ್ತಿದ್ದವನ ಕುತ್ತಿಗೆಯಲ್ಲಿ ಉಣ್ಣೆಯ ಶಾಲಿತ್ತು.