ಋಷಿಯ ಕೈಮೇಲಿನ ಸೀರೆ

ಮಾನ್ವಿಯ ಆ ಓಣಿಗೆ ಇದ್ದದ್ದು ಒಂದೇ ನಳ. ಸಂಜೆ ಐದೂವರೆಗೆ ನೀರು ಬಂದರೆ ಆರೂವರೆಗೆ ನಿಂತುಬಿಡುತ್ತಿತ್ತು. ಮೊದಲ ಪಾಳಿ ಯಾವತ್ತೂ ಪಾರ್ವತೆಮ್ಮನದು, ಯಾಕೆಂದರೆ ಆಕೆ ಸಿನಿಮಾದವಳು. ಇದಕ್ಕೂ ನೀರಿಗೂ ಏನು ಸಂಬಂಧ ಎಂದು ಇಪ್ಪತ್ತು ವರ್ಷ ಯಾರೂ ಕೇಳಿರಲಿಲ್ಲ. ಕೇಳಿದವಳು ಬೂದೆಮ್ಮ. ಹೋದ ವರ್ಷ, ಅಂದರೆ ಎಪ್ಪತ್ತಾರರಲ್ಲಿ, ಗಿಲ್ಲೆಸುಗೂರಿನಿಂದ ಬಂದು ಎದುರುಮನೆ ಹಿಡಿದವಳು.

ಪಾರ್ವತೆಮ್ಮ ಹೇಳಿದ್ದೇನೂ ಸುಳ್ಳಲ್ಲ. ಹರೆಯದಲ್ಲಿ ನಾಟಕ ಕಂಪನಿಯ ಹಿಂದೆ ಮದರಾಸಿಗೆ ಹೋಗಿ ನಾಲ್ಕು ಚಿತ್ರಗಳಲ್ಲಿ ನಗಿಸುವ ಪಾತ್ರ ಮಾಡಿದ್ದಳು. ಒಂದರಲ್ಲಿ ಉಯ್ಯಾಲೆಯಿಂದ ಬಿದ್ದಳು, ಇನ್ನೊಂದರಲ್ಲಿ ಮಜ್ಜಿಗೆ ಗಡಿಗೆಯೊಳಗೆ ಬಿದ್ದಳು, ಮತ್ತೊಂದರಲ್ಲಿ ಆಡು ಅಟ್ಟಿಸಿಕೊಂಡು ಬಂತು. ನಾಲ್ಕನೆಯದೇ ಆಕೆಯ ದೊಡ್ಡ ಹೆಮ್ಮೆ. ತಪಸ್ಸಿಗೆ ಕೈ ಅಗಲಿಸಿ ನಿಂತ ಋಷಿಯನ್ನು ಮರವೆಂದು ತಿಳಿದು ಒದ್ದೆ ಸೀರೆ ಒಣಹಾಕುವ ದಾಸಿ. ಐದನೆಯ ಚಿತ್ರದಲ್ಲಿ ನಾಯಕಿಯ ತಾಯಿಯಾಗಿ ಗಂಭೀರವಾಗಿ ಸಾಯಬೇಕಾಗಿತ್ತು. ಆಕೆ ಸತ್ತದ್ದನ್ನು ನೋಡಿ ಕ್ಯಾಮೆರಾ ಹಿಡಿದವನೇ ನಕ್ಕುಬಿಟ್ಟ. ಅಲ್ಲಿಗೆ ವೃತ್ತಿ ಮುಗಿಯಿತು. ಯಾವ ಚಿತ್ರದಲ್ಲೂ ಆಕೆಯ ಹೆಸರು ಹಾಕಿರಲಿಲ್ಲ, ಯಾವ ಚಿತ್ರವೂ ಮಾನ್ವಿಗೆ ಬಂದಿರಲಿಲ್ಲ.

ಅವತ್ತು ಬೆಳಿಗ್ಗೆ ಆ ಋಷಿಯ ಚಿತ್ರವೇ ಊರಿಗೆ ಬಂತು. ಟಾಂಗಾದಲ್ಲಿ ಮೈಕು ಕಟ್ಟಿಕೊಂಡು ಇವತ್ತು ಒಂದೇ ದಿನ, ಒಂದೇ ಆಟ, ಮಧ್ಯಾಹ್ನ ಎರಡೂವರೆಗೆ ಎಂದು ಕೂಗಿಕೊಂಡು ಹೋದರು. ಪಾರ್ವತೆಮ್ಮ ಮನೆಮನೆಗೆ ಹೋಗಿ ಕುಂಕುಮ ಕೊಟ್ಟು ಎಲ್ಲರನ್ನೂ ಕರೆದಳು. ಬೂದೆಮ್ಮ ಕುಂಕುಮ ಹಚ್ಚಿಕೊಂಡು ಮೆಲ್ಲಗೆ ಹೇಳಿದಳು:

‘ನೀ ಅದರಾಗ ಇದ್ದಿ ಅಂದ್ರ ಸಾಯೋತನಕ ಮೊದಲ ಪಾಳಿ ನಿಂದಾ ಯವ್ವಾ. ಇಲ್ಲಂದ್ರ ನಾಳಿಂದ ಕಡೀಗಿ ನಿಂದ್ರಬೇಕು ನೋಡು.’

ಕಡೆಗೆ ನಿಂತವರಿಗೆ ಆ ನಳದಲ್ಲಿ ಬರೇ ಗಾಳಿ ಬರುತ್ತಿತ್ತು. ಆದರೂ ಪಾರ್ವತೆಮ್ಮ ಆಗಲಿ ಎಂದಳು. ಜಂಬದ ಮುಂದೆ ಬಾಯಾರಿಕೆ ಯಾರಿಗೆ ನೆನಪಾಗುತ್ತದೆ!

ಇಡೀ ಓಣಿ ಟಾಕೀಸಿಗೆ ಹೋಗಿ ಎರಡು ಸಾಲು ತುಂಬಿ ಕೂತಿತು. ಕೊನೆಗೂ ಪರದೆಯ ಮೇಲೆ ಋಷಿ ಬಂದು ಒಂಟಿ ಕಾಲಲ್ಲಿ ನಿಂತು ಕೈ ಅಗಲಿಸಿದ. ಪಾರ್ವತೆಮ್ಮ ಎದ್ದು ನಿಂತು, ಬುಟ್ಟಿ ಹೊತ್ತುಕೊಂಡು ಈಗ ಬರುವವಳು ತಾನೇ ಎಂದು ಸಾರಿದಳು. ಹಿಂದಿನವರು ಕೂಡು ಎಂದು ಬೈದರು. ಅಷ್ಟರಲ್ಲಿ ಪರದೆ ಒಮ್ಮೆ ಚಟ್ ಎಂದಿತು. ಮರುಕ್ಷಣ ಅದೇ ಋಷಿ ತಲೆಯಿಂದ ಪಾದದವರೆಗೆ ತೊಯ್ದು, ಕೈಮೇಲೊಂದು ಹಸಿ ಸೀರೆ ಹೊತ್ತು, ಕಾಣದ ಯಾರಿಗೋ ಶಾಪ ಹಾಕುತ್ತಿದ್ದ.

‘ಆ ಸೀರಿ ನಾ ಹಾಕಿದ್ದು’ ಎಂದಳು ಪಾರ್ವತೆಮ್ಮ.

‘ಸೀರಿ ಬಂತು ಯವ್ವಾ, ನೀ ಎಲ್ಲಿ?’ ಎಂದಳು ಬೂದೆಮ್ಮ.

ಇಂಟರ್ವಲ್‌ನಲ್ಲಿ ಪಾರ್ವತೆಮ್ಮ ಪರದೆಯ ಮುಂದಿನ ಕಟ್ಟೆ ಹತ್ತಿ, ಬಿಟ್ಟುಹೋದದ್ದನ್ನು ಜನಕ್ಕೆ ವಿವರಿಸತೊಡಗಿದಳು. ವಿವರಣೆ ಮುಗಿಯುವ ಮೊದಲೇ ದೀಪ ಆರಿ ಚಿತ್ರ ಶುರುವಾಯಿತು. ರಾಜನ ಮೀಸೆ ಸರಿಯಾಗಿ ಆಕೆಯ ಮುಖದ ಮೇಲೆ ಬಂದು ಕೂತಿತು. ಜನ ಬಿದ್ದು ಬಿದ್ದು ನಕ್ಕರು, ಶೇಂಗಾ ಸಿಪ್ಪೆ ಎಸೆದರು. ಪಾಪ, ನಗಿಸುವುದನ್ನು ಬಿಟ್ಟು ಮೂವತ್ತೈದು ವರ್ಷವಾದರೂ ನಗು ಆಕೆಯನ್ನು ಬಿಟ್ಟಿರಲಿಲ್ಲ. ಆಕೆಗೆ ಮಾತ್ರ ಅಳು ಬಂತು.

ಆಟ ಮುಗಿದ ಕೂಡಲೇ ಸೆರಗು ಸೊಂಟಕ್ಕೆ ಸಿಗಿಸಿ ಮಷೀನ್ ಕೋಣೆಯ ಮೆಟ್ಟಿಲು ಹತ್ತಿದಳು. ಮೇಲೆ ಪೀರಾ ಸಾಬ್ ರೀಲು ಸುತ್ತುತ್ತಿದ್ದ. ಡಬ್ಬಿಗಳ ಜೊತೆಗೇ ಊರೂರು ತಿರುಗಿ ಚಿತ್ರ ಓಡಿಸುವ ಆಪರೇಟರ್ ಅವನು. ತನ್ನ ತುಂಡನ್ನು ಯಾಕೆ ಕತ್ತರಿಸಿದೆ ಎಂದು ಆಕೆ ಅವನ ಕೊರಳಪಟ್ಟಿಗೇ ಕೈ ಹಾಕಿದಳು.

‘ನಾ ಯಾಕ ಕತ್ತರಸ್ಲಿ ಯವ್ವಾ? ರಾಯಚೂರಾಗ ಮಂದಿ ಒನ್ಸ್ ಮೋರ್ ಅಂದ್ರು, ಸುತ್ತಿ ಎರಡು ಸಲ ಹಾಕಿದೆ. ಸಿರವಾರದಾಗ ನಾಕು ಸಲ. ನಿನ್ನಿ ದೇವದುರ್ಗದಾಗ ಕುರ್ಚಿ ಮುರೀತೀವಿ ಅಂದ್ರು. ಒಂಬತ್ತನೇ ಸಲಕ್ಕ ಮಷೀನ್‌ದಾಗ ಸಿಕ್ಕು ಸುಟ್ಟೇ ಹೋತು.’ ಪೀರಾ ಸಾಬ್ ಆಕೆಯ ಮುಖವನ್ನೇ ದಿಟ್ಟಿಸಿದ. ‘ಆ ಬುಟ್ಟಿ ಹೊತ್ತಾಕಿ ನೀನಾ ಏನು?’

ಪಾರ್ವತೆಮ್ಮ ಅಲ್ಲೇ ಕುಸಿದು ಕೂತು ಅತ್ತಳು, ಈ ಸಲ ಸಂತೋಷಕ್ಕೆ. ಆಮೇಲೆ ಅವನನ್ನು ಕೈಹಿಡಿದು ಓಣಿಗೆ ಎಳೆದುಕೊಂಡು ಬಂದಳು. ಪೀರಾ ಸಾಬ್ ನಳದ ಮುಂದೆ ನಿಂತು ಖುದಾನ ಆಣೆ ಮಾಡಿ ಎಲ್ಲ ಹೇಳಿದ. ಓಣಿ ನಂಬಿತು. ಬೂದೆಮ್ಮ ಸೋತೆ ಎಂದು ಒಪ್ಪಿ, ತಾನೇ ಪಾರ್ವತೆಮ್ಮನ ಎರಡು ಕೊಡಗಳನ್ನು ಮುಂದಿಟ್ಟು ತುಂಬಿಸಿ ಕೊಟ್ಟಳು.

‘ದೇವದುರ್ಗದೋರು ಒಂಬತ್ತು ಸಲ ನೋಡ್ಯಾರ. ನಿನ್ನ ಓಣ್ಯಾಗಿನೋರು ಒಮ್ಮೆರೆ ನೋಡಬಾರದೇನ ಯವ್ವಾ?’ ಎಂದಳು.

ಇಂಥ ಮಾತಿಗೆ ಯಾವ ಕಲಾವಿದೆ ಇಲ್ಲವೆನ್ನುತ್ತಾಳೆ? ಋಷಿಯಾಗಲು ಬೂದೆಮ್ಮನ ಗಂಡ ಪರಮಣ್ಣನನ್ನು ತಂದು ನಿಲ್ಲಿಸಿದರು. ಹೆಂಡತಿಯ ಮುಂದೆ ಬಾಯಿ ಮುಚ್ಚಿ ನಿಲ್ಲುವುದು ಅವನಿಗೆ ಹೊಸದೇನಲ್ಲ. ಪಾರ್ವತೆಮ್ಮ ತನ್ನ ಕೊಡದಲ್ಲೇ ಸೀರೆ ಅದ್ದಿ, ಕುಣಿಯುತ್ತ ಬಂದು ಅವನ ಕೈಮೇಲೆ ಹರವಿ, ಹಿಂಡಿ, ಉಳಿದ ನೀರನ್ನು ಮರಕ್ಕೆಂದು ಅವನ ತಲೆಗೆ ಸುರಿದಳು. ನಕ್ಕು ನಕ್ಕು ಬೂದೆಮ್ಮನ ಕಣ್ಣಲ್ಲಿ ನೀರು ಬಂತು. ಓಣಿ ಒಂದೇ ದನಿಯಲ್ಲಿ ಒನ್ಸ್ ಮೋರ್ ಎಂದಿತು. ಎರಡನೆಯ ಕೊಡವೂ ಪರಮಣ್ಣನ ತಲೆಗೇ ಹೋಯಿತು.

ಖಾಲಿ ಕೊಡಗಳನ್ನು ಹಿಡಿದು ಪಾರ್ವತೆಮ್ಮ ನಳದತ್ತ ಬಂದಳು. ಪಾಳಿಯಲ್ಲಿದ್ದವರು ಒಬ್ಬರಿಗೆ ಒಂದೇ ಸರದಿ ಎಂಬ ಹಳೆಯ ನಿಯಮವನ್ನು ಬಹಳ ಮರ್ಯಾದೆಯಿಂದ ನೆನಪಿಸಿದರು. ಆಕೆ ಸಾಲಿನ ಕೊನೆಗೆ ಹೋಗಿ ನಿಂತಳು. ಆಕೆಯ ಸರದಿ ಬಂದಾಗ ನಳ ಗೊರಗೊರ ಎಂದು ಗಾಳಿ ಬಿಟ್ಟು ಸುಮ್ಮನಾಯಿತು.

ಬೂದೆಮ್ಮ ತುಂಬಿದ ಕೊಡ ಸೊಂಟಕ್ಕೇರಿಸಿಕೊಂಡು, ‘ನಾಳೀನೂ ಮೊದಲ ಪಾಳಿ ನಿಂದಾ ಯವ್ವಾ. ಐದೂವರಿಗೆ ನಮ್ಮ ಮನಿಯೋರ್ನ ಕಳಸ್ತೀನಿ’ ಎಂದಳು.