ಅತ್ತೆಗೆ ಬ್ರಿಸ್ಬೇನ್ ತೋರಿಸಲು ಹೊರಟಿದ್ದು

ಅಡುಗೆ ಬರುವುದಿಲ್ಲ ಎಂದು ಹೇಳಿಕೊಳ್ಳಲು ಈಗ ಯಾರಿಗೂ ನಾಚಿಕೆಯಿಲ್ಲ. ಲೆಕ್ಕ ಬರುವುದಿಲ್ಲ ಎಂಬುದನ್ನಂತೂ ಕೆಲವರು ಬಿರುದಿನ ಹಾಗೆ ಹೇಳಿಕೊಳ್ಳುತ್ತಾರೆ. ಆದರೆ ದಾರಿ ಗೊತ್ತಿಲ್ಲ ಎಂದು ಒಪ್ಪಿಕೊಂಡವರನ್ನು ನಾನು ಕಂಡಿದ್ದು ಕಡಿಮೆ. ನಮ್ಮ ಮೈಸೂರಿನಲ್ಲಿ ಯಾರನ್ನಾದರೂ ವಿಳಾಸ ಕೇಳಿ ನೋಡಿ. ಗೊತ್ತಿರಲಿ ಬಿಡಲಿ, ಕೈ ಒಂದು ಕಡೆಗೆ ಎದ್ದೇ ಏಳುತ್ತದೆ. 'ಹಿಂಗೇ ಸೀದಾ ಹೋಗಿ, ಮುಂದೆ ಯಾರನ್ನಾದ್ರೂ ಕೇಳಿ' ಎಂಬ ಮಾತೂ ಬರುತ್ತದೆ. ನಾನೂ ಅದೇ ಊರಿನವಳು. ಬ್ರಿಸ್ಬೇನಿಗೆ ಬಂದು ಏಳು ವರ್ಷವಾಗಿದ್ದರೂ ಕಾರು ಓಡಿಸಿಕೊಂಡು ಹೋಗಲು ನನಗೆ ಗಟ್ಟಿಯಾಗಿ ಗೊತ್ತಿದ್ದ ದಾರಿಗಳು ಎರಡೇ: ಟೂವಾಂಗಿನ ನಮ್ಮ ಮನೆಯಿಂದ ಮಗಳ ಶಾಲೆಗೆ, ಮತ್ತೆ ಇಂಡೂರೂಪಿಲ್ಲಿಯ ಶಾಪಿಂಗ್ ಸೆಂಟರಿಗೆ. ಆಫೀಸಿಗೆ ಟ್ರೈನು. ಮಿಕ್ಕ ಊರೆಲ್ಲ ನನ್ನ ಗಂಡ ಶ್ರೀಧರನ ಇಲಾಖೆ. ಅವನು ಜಿಯಾಲಜಿಸ್ಟ್, ಎರಡು ವಾರ ದೂರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ.

ಆ ವರ್ಷ ಜುಲೈನಲ್ಲಿ, ಇಲ್ಲಿನ ಚಳಿಗಾಲದಲ್ಲಿ, ಅತ್ತೆ ಮೈಸೂರಿನಿಂದ ಬಂದರು. ಎಪ್ಪತ್ತು ದಾಟಿದೆ, ಆದರೆ ಕೂತಲ್ಲಿ ಕೂರುವವರಲ್ಲ. ಮೊದಲ ವಾರದಲ್ಲೇ ಸೀರೆಯ ಮೇಲೆ ಸ್ವೆಟರ್ ಹಾಕಿ, ಕಾಲಿಗೆ ಶೂ ಏರಿಸಿ, ಟೂವಾಂಗಿನ ಏರಿಳಿತಗಳನ್ನೆಲ್ಲ ನಡೆದು ಮುಗಿಸಿದರು. ಎರಡನೆಯ ವಾರ ಶ್ರೀಧರ ಗಣಿಗೆ ಹೊರಟ. ಹೊರಡುವಾಗ, "ಅಮ್ಮನ್ನ ಸಿಟಿಗೆ ಕರ್ಕೊಂಡು ಹೋಗೋದಾದ್ರೆ ಟ್ರೈನಲ್ಲಿ ಹೋಗು ವೀಣಾ, ಕಾರ್ ಬೇಡ" ಅಂದ. ಇದನ್ನೇ ಅವನು ರೂಮಿನಲ್ಲಿ ಹೇಳಿದ್ದರೆ ಹೂಂ ಅನ್ನುತ್ತಿದ್ದೆ. ಅತ್ತೆಯ ಮುಂದೆ ಹೇಳಿದ. "ಯಾಕೆ, ನನಗೆ ದಾರಿ ಗೊತ್ತಿಲ್ವಾ?" ಅಂದುಬಿಟ್ಟೆ. ಅಂದ ಮೇಲೆ ಹೋಗಲೇಬೇಕಲ್ಲ.

ಲೈಬ್ರರಿಯಲ್ಲಿ ಒಂದು ಮಡಿಕೆ ಹಾಳೆ ಸಿಕ್ಕಿತು. ನಿಮ್ಮದೇ ಕಾರಿನಲ್ಲಿ, ನಿಮ್ಮಷ್ಟಕ್ಕೆ ನೀವೇ, ಹಳೆಯ ಬ್ರಿಸ್ಬೇನನ್ನು ನೋಡಿ ಎಂದಿತ್ತು. ಹದಿನಾಲ್ಕು ಜಾಗ, ಎರಡೂವರೆ ಗಂಟೆ. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಟೆವು. ಅತ್ತೆ ಮುಂದಿನ ಸೀಟಿನಲ್ಲಿ, ಒಂಬತ್ತು ವರ್ಷದ ಮಗಳು ಅನಘಾ ಹಿಂದೆ, ಹಾಳೆ ಅವಳ ಕೈಯಲ್ಲಿ. ಫೋನಿನಲ್ಲಿ ಮ್ಯಾಪ್ ಇತ್ತು, ಹಾಕಲಿಲ್ಲ. ದಾರಿ ಗೊತ್ತಿದ್ದವಳಿಗೆ ಮ್ಯಾಪ್ ಯಾಕೆ?

ಮೊದಲ ಜಾಗ ಗುಡ್ಡದ ಮೇಲಿನ ಹಳೆಯ ಗಾಳಿಗಿರಣಿ. ಕೈದಿಗಳನ್ನು ಹಡಗಿನಲ್ಲಿ ತಂದು ಇಳಿಸುತ್ತಿದ್ದ ಕಾಲದ್ದು. ಕಲ್ಲಿನ ಗೋಪುರವೇನೋ ಕಣ್ಣಿಗೆ ಬಿತ್ತು, ಕಾರು ನಿಲ್ಲಿಸಲು ಜಾಗ ಬೀಳಲಿಲ್ಲ. ಒನ್ ವೇಗಳಲ್ಲಿ ಸುತ್ತಿ ಮತ್ತೆ ಅಲ್ಲಿಗೇ ಬಂದೆ. ಆಗಲೂ ಜಾಗವಿಲ್ಲ. "ರೆಕ್ಕೆ ಎಲ್ಲಿ ಇದಕ್ಕೆ?" ಎಂದು ಅತ್ತೆ ಕೇಳಿದರು. ಈಗ ಇಲ್ಲ, ಗಾಳಿಯಿಲ್ಲದ ದಿನ ಕೈದಿಗಳೇ ಚಕ್ರ ತುಳಿದು ಹಿಟ್ಟು ಬೀಸುತ್ತಿದ್ದರಂತೆ ಎಂದು ಹಾಳೆಯಲ್ಲಿದ್ದದ್ದನ್ನು ಹೇಳಿದೆ. "ಪಾಪ, ಎಷ್ಟು ತುಳಿದರೂ ಇದ್ದಲ್ಲೇ ಇರೋದು" ಅಂದರು. ಯಾರ ಬಗ್ಗೆ ಅಂದರೋ ಗೊತ್ತಾಗಲಿಲ್ಲ. ಮೂರನೆಯ ಸುತ್ತು ಮುಗಿದು ಅದೇ ಗೋಪುರ ಎದುರಾದಾಗ ಕೈಮುಗಿದು, "ಪ್ರದಕ್ಷಿಣೆ ಮೂರಾಯ್ತು ವೀಣಾ, ಮುಂದಕ್ಕೆ ಹೋಗೋಣ" ಎಂದರು.

ಮುಂದಕ್ಕೆ ಹೋಗಲು ಹೋಗಿ ತಪ್ಪು ಲೇನಿಗೆ ಬಿದ್ದೆ, ಅದು ಸೇತುವೆ ಹತ್ತಿಸಿತು. ಆಚೆ ದಡದಲ್ಲಿ ತಿರುಗಿಸಿಕೊಂಡು ಬಂದರೆ ಬೇರೊಂದು ಸೇತುವೆ. ಅತ್ತೆಗೆ ನದಿ ದಾಟುವಾಗಲೆಲ್ಲ ನಮಸ್ಕಾರ ಮಾಡುವ ಅಭ್ಯಾಸ. ನಾಲ್ಕನೆಯ ನಮಸ್ಕಾರ ಮುಗಿಸಿ, "ಈ ಊರಲ್ಲಿ ನದಿ ಎಷ್ಟಿದೆ?" ಎಂದು ಕೇಳಿದರು.

"ಒಂದೇ ಅತ್ತೆ, ಸುತ್ತಿ ಸುತ್ತಿ ಹರಿಯುತ್ತೆ."

"ಮಮ್, ದ ರಿವರ್ ಈಸ್ ಫೈನ್. ಯೂ ಆರ್ ದ ಒನ್ ಗೋಯಿಂಗ್ ಅರೌಂಡ್" ಅಂದಳು ಅನಘಾ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತಾಡುವುದು ಮಾತ್ರ ಇಂಗ್ಲಿಷಿನಲ್ಲಿ, ಅದೂ ಬೇಡದ ಹೊತ್ತಿನಲ್ಲಿ.

ಎರಡೂವರೆ ಗಂಟೆ ಮುಗಿಯುವ ಹೊತ್ತಿಗೆ ಹದಿನಾಲ್ಕರಲ್ಲಿ ಮೂರು ಜಾಗ ಆಗಿತ್ತು, ಮೂರೂ ಕಿಟಕಿಯಿಂದ. ನ್ಯೂ ಫಾರ್ಮ್ ಪಾರ್ಕಿನಲ್ಲಿ ಕೊನೆಗೂ ಪಾರ್ಕಿಂಗ್ ಸಿಕ್ಕಿತು. ಅನಘಾ ಟಾಯ್ಲೆಟ್ ಅಂದಳು. ನದಿಯ ದಡದಲ್ಲಿ ಫೆರಿ ನಿಲ್ಲುವ ಕಡೆ ಒಂದು ಬೆಂಚಿತ್ತು. ಅತ್ತೆಯನ್ನು ಅಲ್ಲಿ ಕೂರಿಸಿ, "ಐದು ನಿಮಿಷ, ಇಲ್ಲೇ ಇರಿ" ಎಂದು ಹೇಳಿ ಹೋದೆ. ಕ್ಯೂ ಇತ್ತು, ಐದು ಹದಿನೈದಾಯಿತು. ಬಂದು ನೋಡಿದರೆ ಬೆಂಚು ಖಾಲಿ.

ಗಾಳ ಹಾಕಿಕೊಂಡು ಕೂತಿದ್ದ ಮುದುಕನೊಬ್ಬನನ್ನು ಕೇಳಿದೆ. ಸೀರೆಯುಟ್ಟ ಹೆಂಗಸು ತಾನೇ, ಫೆರಿ ಹತ್ತಿ ಹೋದರಲ್ಲ, ಎಂದು ನೀರಿನ ಕಡೆ ಗಲ್ಲ ಎತ್ತಿದ. ಫೆರಿ ಆಗಲೇ ಆಚೆ ದಡ ಮುಟ್ಟುತ್ತಿತ್ತು. ಬಸ್ಸಿಗೆಂದು ನಾವು ಕೊಡಿಸಿದ್ದ ಕಾರ್ಡು ಅತ್ತೆಯ ಬ್ಯಾಗಿನಲ್ಲಿತ್ತು. ಅದು ಫೆರಿಗೂ ನಡೆಯುತ್ತದೆ. ಅವರ ಫೋನು ಮನೆಯಲ್ಲಿ ಚಾರ್ಜಿಗಿತ್ತು. ಭಾಷೆ ಸರಿಯಾಗಿ ಬಾರದ ಊರಿನಲ್ಲಿ ಎಪ್ಪತ್ತು ದಾಟಿದ ಜೀವ, ವಿಳಾಸವೂ ಬಾಯಲ್ಲಿ ಬರುತ್ತದೋ ಇಲ್ಲವೋ. ಶ್ರೀಧರನಿಗೆ ಏನೆಂದು ಹೇಳಲಿ?

"ಮಮ್, ಲೆಟ್ಸ್ ಜಸ್ಟ್ ವೇಟ್. ಅಜ್ಜಿ ವಿಲ್ ಕಮ್ ಬ್ಯಾಕ್" ಅಂದಳು ಅನಘಾ. ಒಂಬತ್ತು ವರ್ಷದವಳ ಮಾತು ಕೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ. ಅವಳನ್ನು ಕಾರಿಗೆ ಹತ್ತಿಸಿಕೊಂಡು ಆಚೆ ದಡಕ್ಕೆ ಹೊರಟೆ.

ನೀರಿನಲ್ಲಿ ಐದು ನಿಮಿಷದ ದಾರಿ ರಸ್ತೆಯಲ್ಲಿ ಅರ್ಧ ಊರು. ಈ ಸಲ ಮಾನ ಬಿಟ್ಟು ಮ್ಯಾಪ್ ಹಾಕಿದೆ. ಸಿಗ್ನಲ್ಲುಗಳಲ್ಲೆಲ್ಲ ಅತ್ತೆಯ ಮುಖವೇ ಕಣ್ಣಿಗೆ ಬರುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನು ಸೀಯಿಸಿದ ಸಾರನ್ನು ತುಟಿ ಪಿಟಕ್ಕೆನ್ನದೆ ಉಂಡವರು ಅವರು. ಅನಘಾ ಹುಟ್ಟಿದಾಗ ಮೂರು ತಿಂಗಳು ನನಗೆ ಎಣ್ಣೆ ಹಚ್ಚಿ ನೀರು ಹಾಕಿದವರು. ಅಂಥವರನ್ನು ಒಂದು ಬೆಂಚಿನ ಮೇಲೆ ಕಳೆದುಕೊಂಡುಬಿಟ್ಟೆನಲ್ಲ ಎಂದು ಕಣ್ಣು ಮಂಜಾಯಿತು. ಆಚೆ ದಡದ ಮೊದಲ ಫೆರಿ ಸ್ಟಾಪಿನಲ್ಲಿ ಅವರಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಪೊಲೀಸರಿಗೆ ಹೇಳೋಣ ಎಂದು ಫೋನು ತೆಗೆಯುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

"ವೀಣಾ, ಎಲ್ಲಿದ್ದೀಯಮ್ಮಾ? ಬೆಂಚಿನ ಮೇಲೆ ಕೂತು ಇಪ್ಪತ್ತು ನಿಮಿಷ ಆಯ್ತು. ದಾರಿ ತಪ್ಪಿದ್ಯಾ?"

ಅತ್ತೆಯ ದನಿ. ನಾನು ಫುಟ್‌ಪಾತಿನ ಅಂಚಿನಲ್ಲಿ ಹಾಗೇ ಕುಸಿದು ಕೂತೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅನಘಾ ಬಂದು ಬೆನ್ನು ಸವರಿದಳು, 'ಐ ಟೋಲ್ಡ್ ಯೂ' ಅನ್ನಲಿಲ್ಲ, ಅಷ್ಟರಮಟ್ಟಿಗೆ ದೊಡ್ಡವಳು.

ಆಗಿದ್ದಿಷ್ಟು. ಅತ್ತೆ ಆಚೆ ದಡದಲ್ಲಿ ಇಳಿದು ಮುಂದಿನ ಫೆರಿಯಲ್ಲೇ ವಾಪಸ್ ಬಂದಿದ್ದರು. ನಾವು ಕಾಣದಿದ್ದಾಗ ನಾಯಿ ಅಡ್ಡಾಡಿಸುತ್ತಿದ್ದ ಹೆಂಗಸೊಬ್ಬಳಿಂದ ಫೋನು ಕೇಳಿ ಪಡೆದು, ನನ್ನ ನಂಬರನ್ನು ಬಾಯಿಪಾಠವಾಗಿ ಒತ್ತಿದ್ದರು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಡೀ ಬಳಗದ ನಂಬರು ಅವರ ತಲೆಯಲ್ಲಿದೆ. ನನಗೆ ನನ್ನದೇ ನೆನಪಿರುವುದಿಲ್ಲ. ಭಾಷೆಯ ಚಿಂತೆಯನ್ನೂ ನಾನು ಸುಮ್ಮನೆ ಮಾಡಿದ್ದೆ. ನಾವು ವಾಪಸ್ ತಲುಪಿದಾಗ ಅತ್ತೆಯೂ ಆ ಹೆಂಗಸೂ ಮಂಡಿನೋವಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನಾಯಿ ಅತ್ತೆಯ ಶೂ ಮೇಲೆ ಮಲಗಿತ್ತು.

"ಇಲ್ಲೇ ಇರಿ ಅಂದಿದ್ದೆನಲ್ಲ ಅತ್ತೆ, ಯಾಕೆ ಹೋದ್ರಿ?" ಎಂದು ಕಾರಿನಲ್ಲಿ ಮೆಲ್ಲಗೆ ಕೇಳಿದೆ.

"ಬೆಳಿಗ್ಗೆಯಿಂದ ಬ್ರೇಕ್ ತುಳಿದೂ ತುಳಿದೂ ಕಾಲು ಸೋತಿತ್ತಮ್ಮ" ಅಂದರು. ಅವರ ಕಡೆ ಬ್ರೇಕ್ ಇಲ್ಲ ಎಂದು ಹೇಳಲು ಹೊರಟವಳು ಅರ್ಥವಾಗಿ ಸುಮ್ಮನಾದೆ. "ನೀರಿನ ಮೇಲೆ ಎಷ್ಟು ನೆಮ್ಮದಿ ಗೊತ್ತಾ. ಊರೆಲ್ಲ ಚೆನ್ನಾಗಿ ಕಾಣ್ಸುತ್ತೆ" ಎಂದೂ ಸೇರಿಸಿದರು.

ಮಿಕ್ಕ ಹನ್ನೊಂದು ಜಾಗಗಳನ್ನು ಬಿಟ್ಟು ಮನೆಗೆ ಬಂದೆವು. ಸಂಜೆ ಶ್ರೀಧರ ಫೋನು ಮಾಡಿದ. ಅತ್ತೆಯೇ ತೆಗೆದುಕೊಂಡರು. ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತಿದ್ದೆ. "ಎಲ್ಲಾ ತೋರಿಸಿದ್ಲಪ್ಪಾ. ನದಿಯನ್ನಂತೂ ಎಲ್ಲಾ ಕಡೆಯಿಂದ್ಲೂ ನೋಡ್ದೆ. ಚೆನ್ನಾಗಿ ಓಡಿಸ್ತಾಳೆ" ಅಂದರು. ಆ ಕ್ಷಣ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಶ್ರೀಧರ ಅದನ್ನು ನಂಬಿಬಿಟ್ಟ. ಫೋನು ನನಗೆ ಬಂದಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು. ಅವನ ಸಹೋದ್ಯೋಗಿಯ ಅಪ್ಪ ಅಮ್ಮ ಬೆಂಗಳೂರಿನಿಂದ ಬಂದಿದ್ದಾರಂತೆ, ಶನಿವಾರ ಅವರಿಗೂ ಹೀಗೇ ಕಾರಿನಲ್ಲಿ ಊರು ತೋರಿಸಲು ಆಗುತ್ತದಾ ಎಂದು ಕೇಳಿದ. "ಅದಕ್ಕೇನು, ಕರ್ಕೊಂಡು ಹೋಗ್ತೀನಿ" ಎಂದು ನನ್ನ ಬಾಯಿ ತಾನಾಗಿ ಹೇಳಿಬಿಟ್ಟಿತು. ಅತ್ತೆಗೂ ಜೊತೆಯಾಗುತ್ತದೆ ಎಂದು ತಿರುಗಿ ಅವರ ಮುಖ ನೋಡಿದೆ.

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ಶನಿವಾರ ನನಗೆ ಒಪ್ಪತ್ತು. ನಾನು ಮನೇಲೇ ಇರ್ತೀನಿ" ಅಂದರು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರು ಶನಿವಾರ ಒಪ್ಪತ್ತು ಮಾಡುತ್ತಾರೆಂದು ನನಗೆ ತಿಳಿದದ್ದು ಆವತ್ತೇ.