ನಮ್ಮ ಗಾಡಿಗೆ ಏರ್ ಲಾಕರ್ ಹಾಕಿಸಿದ ಪ್ರಸಂಗ

ನಮ್ಮ ಪಿಕಪ್ ಗಾಡಿಯ ಮೇಲೆ ನನಗೊಂದು ಹಳೆಯ ದೂರಿದೆ. ಒಣನೆಲದಲ್ಲಿ ಅದರಷ್ಟು ಸಾಧು ಇನ್ನೊಂದಿಲ್ಲ. ಕೆಸರು ಕಂಡರೆ ಮಾತ್ರ ಹಿಂದಿನ ಎರಡು ಚಕ್ರಗಳಲ್ಲಿ ಒಂದು ಸತ್ಯಾಗ್ರಹಕ್ಕೆ ಕೂರುತ್ತದೆ, ಇನ್ನೊಂದು ಇದ್ದಲ್ಲೇ ಗಿರಗಿರನೆ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಡ್ರೈವರ್ ಸೀಟಿನಲ್ಲಿ ಕೂತ ನಾನು (ಹೆಸರು ಸಿದ್ದರಾಜು, ವಯಸ್ಸು ನಲವತ್ತಾರು, ದೇಹಸ್ಥಿತಿ ಉತ್ತಮ) ಆಕ್ಸಿಲರೇಟರ್ ತುಳಿದಷ್ಟೂ ಪಾತಾಳಕ್ಕೆ ಹತ್ತಿರವಾಗುತ್ತೇನೆ.

ನಮ್ಮ ಮಂಡ್ಯ ಸೀಮೆಯ ಕೊಪ್ಪದ ಆಸುಪಾಸಿನ ತೋಟಗಳಿಂದ ಎಳನೀರು ಇಳಿಸಿ ಮದ್ದೂರಿನ ಮಾರುಕಟ್ಟೆಗೆ ಹೊಡೆಯುವುದು ನಮ್ಮ ಕಸುಬು. 'ನಮ್ಮ' ಅಂದರೆ ನನ್ನದು ಮತ್ತು ನನ್ನ ಹೆಂಡತಿ ಸೌಮ್ಯಳದು. ತೋಟದವರ ಹತ್ತಿರ ಮಾತಾಡುವುದು, ಕಾಯಿ ಆರಿಸುವುದು, ದಲ್ಲಾಳಿಗಳೊಂದಿಗೆ ಜಗಳವಾಡಿ ಗೆಲ್ಲುವುದು ಅವಳ ಖಾತೆ. ಸ್ಟೇರಿಂಗು ನನ್ನ ಖಾತೆ. ಲೈಸೆನ್ಸು ಅವಳಿಗೂ ಇದೆ. ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡೇ ಬೆಳೆದವಳು. ಆದರೂ ಮನೆಯಲ್ಲಿ ಗಂಡಸಿಗೆ ಅಂತ ಒಂದಾದರೂ ಖಾತೆ ಉಳಿಯಬೇಡವೇ?

ನಾವು ಕಾಯಿ ಇಳಿಸುವ ತೋಟಗಳಲ್ಲಿ ದೊಡ್ಡದು ಚಿಕ್ಕಮಾದಮ್ಮನದು. ಇನ್ನೂರು ಮರ, ಸಕ್ಕರೆಯಂಥ ನೀರು. ಅಲ್ಲಿಗೆ ಹೋಗುವ ದಾರಿ ನಾಲೆಯ ಪಕ್ಕದ ತಗ್ಗಿನಲ್ಲಿದೆ. ನಾಲೆಗೆ ನೀರು ಬಿಟ್ಟರೆ ಸಾಕು, ಎರೆಮಣ್ಣು ಹಲ್ವದಂತಾಗಿ ನಮ್ಮ ಗಾಡಿಗಾಗಿ ಬಾಯಿ ತೆರೆದುಕೊಂಡು ಕಾಯುತ್ತದೆ. ಪ್ರತಿ ಸಲ ಹೂತುಕೊಂಡಾಗಲೂ ಸೌಮ್ಯಳ ತಮ್ಮ ನಿಂಗಯ್ಯ ಟ್ರ್ಯಾಕ್ಟರ್ ತಂದು ಎಳೆಯಬೇಕು. ಎಳೆಯುವಾಗ ಬಹಳ ವಿನಯ. "ಅಗ್ಗ ನೀವೇ ಕಟ್ಟೀರಾ ಬಾವ, ನಾನೇ ಕಟ್ಲಾ?" ಎನ್ನುತ್ತಾನೆ. ಸಂಜೆ ಟೀ ಅಂಗಡಿಯಲ್ಲಿ ಮಾತ್ರ, "ಎಲ್ರ್ ಗಾಡಿನೂ ಡೀಸಲ್ಲಲ್ ಓಡ್ತವೆ, ನಮ್ ಬಾವುಂದು ನನ್ ಟ್ಯಾಕ್ಟರಲ್ಲಿ ಓಡ್ತದೆ ಕಣ್ರಲಾ" ಎಂದು ಪ್ರವಚನ ಮಾಡುತ್ತಾನೆ.

ಈ ಬಾರಿ ಹೂತುಕೊಂಡಾಗ ಚಿಕ್ಕಮಾದಮ್ಮನೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನೋಡ್ ಕಣಪ್ಪ ಸಿದ್ದರಾಜ, ನಿನ್ ಗಾಡಿ ಎಳ್ದು ಎಳ್ದು ನನ್ ದಾರಿ ಅಳ್ಳವಾಗೋಯ್ತು. ಕಿತ್ತ ಕಾಯಿ ಎಲ್ಡ್ ದಿನ ಬಿಸ್ಲಲ್ ಬಿದ್ದಿದ್ರೆ ಕೆಡೋದು ನನ್ ತ್ವಾಟದ್ ಎಸ್ರು. ಇನ್ನೊಂದ್ ಸಲ ಊತ್ಕತು ಅಂದ್ರೆ ಕಾಯ್ನೆಲ್ಲ ಮಳವಳ್ಳಿ ಯಾಪಾರದವ್ರಿಗೆ ಕೊಟ್ಬುಡ್ತೀನಿ. ಅವ್ರು ಆಗ್ಲೇ ಬಂದು ನೋಡ್ಕಂಡ್ ಓಗವ್ರೆ."

ಆ ತೋಟ ಹೋದರೆ ನಮ್ಮ ವ್ಯಾಪಾರದ ಅರ್ಧ ಹೋದಂತೆ. ಮನೆಗೆ ಬರುವವರೆಗೂ ಸೌಮ್ಯ ತುಟಿ ಬಿಚ್ಚಲಿಲ್ಲ. ಅವಳು ಬೈದರೆ ತಡೆದುಕೊಳ್ಳುತ್ತೇನೆ, ಸುಮ್ಮನಿದ್ದರೆ ನನಗೆ ಜ್ವರ ಬರುತ್ತದೆ.

ಜ್ಞಾನೋದಯವಾದದ್ದು ಮೊಬೈಲಿನಲ್ಲಿ. ಯಾವುದೋ ದೇಶದ ಪುಣ್ಯಾತ್ಮನೊಬ್ಬ ನಮ್ಮದಕ್ಕಿಂತ ಭೀಕರವಾದ ಕೆಸರಿಗೆ ಗಾಡಿ ಇಳಿಸಿ, ಒಂದು ಸ್ವಿಚ್ಚು ಒತ್ತಿ, ಸಿಳ್ಳೆ ಹಾಕುತ್ತಾ ಹೊರಗೆ ಬಂದ. ಅದರ ಹೆಸರು ಏರ್ ಲಾಕರ್. ನಾನು ವಿಡಿಯೋ ಮೇಲೆ ವಿಡಿಯೋ ನೋಡಿದೆ. ಹದಿನೇಳನೆಯದು ಮುಗಿಯುವಷ್ಟರಲ್ಲಿ ನಾನು ಆ ವಿಷಯದಲ್ಲಿ ಮಂಡ್ಯ ಜಿಲ್ಲೆಗೇ ಏಕಮೇವ ಪಂಡಿತನಾಗಿದ್ದೆ.

"ಸೌಮ್ಯಾ, ಗಾಡಿಗೆ ಲಾಕರ್ ಆಕುಸ್ಬೇಕು ಕಣಮ್ಮಿ."

ಅವಳು ಅವರೆಕಾಯಿ ಸುಲಿಯುತ್ತಿದ್ದಳು. "ಯಾಕೆ? ನನ್ನೆರಡು ಬಳೆನೂ ಗಾಡಿ ಅಡಿ ಕಟ್ಕಂಡ್ ಓಡಾಡ್ತೀರಾ?"

"ಆ ಲಾಕರ್ ಅಲ್ಲ ಕಣೆ! ಗಾಳಿ ಲಾಕರ್ರು!"

"ಗಾಳಿಗ್ಯಾಕ್ರೀ ಬೀಗ? ಯಾವ್ ಕಳ್ಳ ಬತ್ತನೆ ಗಾಳಿ ಕದಿಯಕ್ಕೆ?"

ನಾನು ಎರಡು ಅವರೆಕಾಳು, ಒಂದು ತಟ್ಟೆ ಇಟ್ಟುಕೊಂಡು ಪಾಠ ಶುರುಮಾಡಿದೆ. ಹಿಂದಿನ ಆಕ್ಸಲ್ಲಿನ ನಡುವೆ ಡಿಫರೆನ್ಷಿಯಲ್ ಎಂಬ ಬುರುಡೆ ಇರುತ್ತದೆ. ಗಾಡಿ ತಿರುಗುವಾಗ ಹೊರಗಿನ ಚಕ್ರ ಜಾಸ್ತಿ, ಒಳಗಿನದು ಕಡಿಮೆ ಉರುಳಲಿ ಅಂತ ಅದನ್ನು ಇಟ್ಟಿದ್ದಾರೆ. ಕೆಸರಿನಲ್ಲಿ ಅದರ ನ್ಯಾಯ ತಲೆಕೆಳಗು: ಯಾವ ಚಕ್ರ ಜಾರುತ್ತದೋ ಅದೇ ಸುತ್ತುತ್ತದೆ, ಗಟ್ಟಿನೆಲದಲ್ಲಿ ನಿಂತದ್ದು ಸುಮ್ಮನಿರುತ್ತದೆ. ಏರ್ ಲಾಕರ್ ಹಾಕಿಸಿ ಸ್ವಿಚ್ಚು ಒತ್ತಿದರೆ ಗಾಳಿ ನುಗ್ಗಿ ಎರಡು ಚಕ್ರಗಳನ್ನೂ ಬಿಗಿದು ಒಂದು ಮಾಡುತ್ತದೆ. ಆಮೇಲೆ ಒಂದು ತಿರುಗಿದರೆ ಇನ್ನೊಂದೂ ತಿರುಗಲೇಬೇಕು.

ಸೌಮ್ಯ ನನ್ನ ತಟ್ಟೆಯಿಂದ ಎರಡೂ ಕಾಳನ್ನು ಎತ್ತಿ ಪಾತ್ರೆಗೆ ಹಾಕಿಕೊಂಡಳು. "ಚಿಕ್ಕಮಾದಮ್ಮುನ್ ತ್ವಾಟ ಉಳೀತದೆ ಅನ್ನಂಗಿದ್ರೆ ಆಕ್ಸಿ. ಉಳೀನಿಲ್ಲ ಅಂದ್ರೆ ನಿಮ್ಮನ್ನೇ ಅಲ್ಲಿ ನೆಟ್ಬುಟ್ ಬತ್ತೀನಿ."

ಬೆಂಗಳೂರಿನಿಂದ ಪಾರ್ಸೆಲ್ ಬಂತು. (ಬೆಲೆ ಹೇಳಿ ನಿಮ್ಮ ಬಾಯಿ ಒಣಗಿಸುವುದಿಲ್ಲ.) ಸೋಮನಹಳ್ಳಿಯ ಹೆದ್ದಾರಿ ಪಕ್ಕದಲ್ಲಿ ಇಸಾಕ್ ಎಂಬ ಮೆಕ್ಯಾನಿಕ್ ಇದ್ದಾನೆ. ಕಡಿಮೆ ಮಾತು, ಗಟ್ಟಿ ಕೆಲಸ. ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಉಕ್ಕಿನ ಗುಂಡನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿ ನೋಡಿದ.

"ಪಸ್ಟ್ ಕಿಲಾಸ್ ಮಾಲು. ಮೂರ್ ದಿನ ಬೇಕು ಅಣ್ಣ. ಅರ್ಜೆಂಟ್ ಮಾಡ್ಬ್ಯಾಡಿ."

ಮೊದಲ ದಿನ ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಬಿಚ್ಚಿ, ಆಕ್ಸಲ್ ರಾಡು ಎಳೆದು, ಹಳೆಯ ಎಣ್ಣೆ ಬಸಿದ. ಕರ್ರಗೆ, ಸುಟ್ಟ ಹರಳೆಣ್ಣೆಯ ವಾಸನೆ. ಬುರುಡೆಯನ್ನು ಹೊರಗೆ ತೆಗೆದು, ಅದರ ದೊಡ್ಡ ಹಲ್ಲುಚಕ್ರವನ್ನು ಬಿಚ್ಚಿ, ಹೊಸ ಲಾಕರಿಗೆ ಕೂರಿಸಿ ಬೋಲ್ಟು ಬಿಗಿದ. ಎರಡನೆಯ ದಿನವೆಲ್ಲ ಆ ದೊಡ್ಡ ಚಕ್ರಕ್ಕೂ ಅದನ್ನು ತಿರುಗಿಸುವ ಚಿಕ್ಕ ಚಕ್ರಕ್ಕೂ ಹೊಂದಾಣಿಕೆ ಮಾಡುವುದೇ ಆಯಿತು. ಹಲ್ಲಿಗೆ ಹಳದಿ ಬಣ್ಣ ಸವರಿ ತಿರುಗಿಸುವುದು, ಎಲ್ಲಿ ತಾಗಿದೆ ಎಂದು ನೋಡುವುದು, ಕಾಗದದಷ್ಟು ತೆಳ್ಳಗಿನ ವಾಷರ್ ಒಂದನ್ನು ಸೇರಿಸುವುದು, ಮತ್ತೆ ತೆಗೆಯುವುದು. (ನನಗೂ ಸೌಮ್ಯಳಿಗೂ ಜಾತಕ ಕೂಡಿಸಿದವರು ಕಾಫಿ ಆರುವುದರೊಳಗೆ ಮುಗಿಸಿದ್ದರು. ಇಸಾಕನ ಕೈಗೆ ಕೊಟ್ಟಿದ್ದರೆ ಎರಡು ವಾಷರ್ ಹೆಚ್ಚಿಗೆ ಹಾಕುತ್ತಿದ್ದನೋ ಏನೋ.)

ಮೂರನೆಯ ದಿನ ಸೌಮ್ಯಳೂ ಬಂದಳು. ಬಾನೆಟ್ಟಿನೊಳಗೆ ಗಾಳಿ ತುಂಬುವ ಕಂಪ್ರೆಸರ್ ಕೂತಿತ್ತು. ಅಲ್ಲಿಂದ ಚಾಸಿಯ ಗುಂಟ ಆಕ್ಸಲ್ಲಿನವರೆಗೆ ತೆಳುವಾದ ನಳಿಗೆ. ಡ್ಯಾಶ್‌ಬೋರ್ಡಿನಲ್ಲಿ ಅಕ್ಕಪಕ್ಕ ಎರಡು ಹೊಸ ಸ್ವಿಚ್ಚು. ಇಸಾಕ್ ವಿವರಿಸಲು ಶುರುಮಾಡುತ್ತಿದ್ದಂತೆ ನಾನು ಟೀ ಕುಡಿಯಲು ರಸ್ತೆ ದಾಟಿದೆ. ಅಲ್ಲಿ ಹತ್ತು ಜನ ಕೂತಿದ್ದರು. ಪಂಡಿತನಾದವನು ಅಂಥ ಕಡೆ ಸುಮ್ಮನಿರುವುದು ಧರ್ಮವಲ್ಲ. ಅವರಿಗೆಲ್ಲ ಡಿಫರೆನ್ಷಿಯಲ್ ಬೋಧಿಸಿ ವಾಪಸು ಬಂದಾಗ ಸೌಮ್ಯ ಸೀಟಿನಲ್ಲಿ ಕೂತು ತಲೆಯಾಡಿಸುತ್ತಿದ್ದಳು.

"ಅಣ್ಣ, ನಿಮಗೂ ಒಂದ್ಸಲ ಯೋಳ್ಬುಡ್ತೀನಿ," ಎಂದ ಇಸಾಕ್.

"ನಂಗೇ ಯೋಳ್ಕೊಡ್ತೀಯೇನ್ಲಾ? ಅದ್ನೇಳ್ ವಿಡಿಯೋ ನೋಡಿವ್ನಿ."

ಇಸಾಕ್ ಸೌಮ್ಯಳ ಮುಖ ನೋಡಿದ. ಸೌಮ್ಯ ಆಕಾಶ ನೋಡಿದಳು.

ಶುಕ್ರವಾರ ಬೆಳಗ್ಗೆ ಪರೀಕ್ಷೆ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಖಾಲಿ ಗಾಡಿ ಹೇಗೋ ತಗ್ಗು ದಾಟಿತು. ತೋಟದಲ್ಲಿ ಆರುನೂರು ಕಾಯಿ ತುಂಬಿದೆವು. ಹನ್ನೊಂದು ಗಂಟೆಗೆ ಮದ್ದೂರಿನಿಂದ ಹೊರಡುವ ದೊಡ್ಡ ಲಾರಿಗೆ ಅವು ಸೇರಬೇಕು. ತೆಂಗಿನ ಬುಡದಲ್ಲಿ ಚಿಕ್ಕಮಾದಮ್ಮ ಎಲೆಅಡಿಕೆ ಮೆಲ್ಲುತ್ತಾ ನಿಂತಿದ್ದಳು. ನಿಂಗಯ್ಯನನ್ನು ನಾನೇ ಕರೆಸಿದ್ದೆ, ಕಣ್ಣಾರೆ ನೋಡಲಿ ಅಂತ. ಅವನು ಮದುವೆಗೆ ಬಂದವನಂತೆ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅಭ್ಯಾಸಬಲದಿಂದ ಟ್ರ್ಯಾಕ್ಟರನ್ನೂ ತಂದಿದ್ದ.

"ಇವತ್ ನಿನ್ ಟ್ಯಾಕ್ಟರ್‌ಗೆ ರಜಾ ಕಣ್ಲಾ," ಎಂದೆ.

"ನಿಮ್ ಬಾಯ್ ಅರ್ಕೆ ಬಾವ," ಎಂದ.

ತಗ್ಗಿಗೆ ಇಳಿಸಿದೆ. ಅರ್ಧ ದಾರಿಗೆ ಚಕ್ರ ಜಾರಿತು. ಗಾಂಭೀರ್ಯದಿಂದ ಎರಡನೆಯ ಸ್ವಿಚ್ಚು ಒತ್ತಿ, ಕಾಲಿಗೆ ಬಲ ಕೊಟ್ಟು ತುಳಿದೆ. ಇಂಜಿನ್ ಊಳಿಟ್ಟಿತು. ಒಂದು ಚಕ್ರ ಚಿಮ್ಮಿಸಿದ ಕೆಸರು ಎಲ್ಲಿಯೂ ತಂಗದೆ ನೇರ ನಿಂಗಯ್ಯನ ಅಂಗಿಗೆ ಬಂದು ಕೂತಿತು. ಮತ್ತೆ ಒತ್ತಿದೆ, ಮತ್ತೆ ತುಳಿದೆ. ಗಾಡಿ ಒಂದು ಗೇಣು ಮುಂದೆ ಹೋಗಲಿಲ್ಲ, ಒಂದು ಗೇಣು ಕೆಳಗೆ ಹೋಯಿತು.

"ಓಯ್ತು," ಎಂದಳು ಚಿಕ್ಕಮಾದಮ್ಮ, ರಸ ಉಗಿದು. "ನಂಬರ್ ಬರ್ಕಂಡಿದ್ನಲ್ಲ ಮಳವಳ್ಳಿಯವ್ರುದು, ಎಲ್ಲಿಟ್ಟೆ?"

ನನಗೆ ಕೋಪ ನೆತ್ತಿಗೇರಿತು. ಫೋನ್ ಮಾಡಿ, ಎಲ್ಲರೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಇಸಾಕಾ! ಏನ್ಲಾ ಜೋಡ್ಸಿದ್ದೀಯ? ಲಾಕರ್ರೋ ಲೊಟ್ಟೆನೋ? ಮೂರ್ ದಿನ ಅದೇನ್ಲಾ ಕಿಸ್ದೆ?"

ಆ ಕಡೆಯಿಂದ ಸುತ್ತಿಗೆಯ ಸದ್ದು ನಿಂತಿತು. ಇಸಾಕನ ಧ್ವನಿ ಎಂದಿನಂತೆ ತಣ್ಣಗಿತ್ತು.

"ಅಣ್ಣ, ಮೊದುಲ್ನೇ ಸ್ವಿಚ್ ಆಕಿದ್ರಾ?"

"ಅದ್ಯಾಕೆ?"

"ಅದು ಆಕುದ್ರೇನೇ ಅಣ್ಣ ಗಾಳಿ ತುಂಬೋದು. ಗಾಳಿನೇ ಇಲ್ದೆ ಗಾಳಿ ಲಾಕರ್ ಎಂಗ್ ಇಡ್ಕತದೆ?"

ನಾನು ಅಕ್ಕಪಕ್ಕದ ಎರಡೂ ಸ್ವಿಚ್ಚುಗಳನ್ನು ಮೊದಲ ಸಲ ಸರಿಯಾಗಿ ನೋಡಿದೆ.

"ಅಣ್ಣ, ಫೋನು ಅಕ್ಕುನ್ ಕೈಗ್ ಕೊಡಿ," ಎಂದ ಇಸಾಕ್.

ನಾನು ಫೋನನ್ನು ಸೀಟಿನ ಮೇಲಿಟ್ಟು ಇಳಿದೆ. ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. ದಡದಲ್ಲಿ ನಿಂತಿದ್ದ ಸೌಮ್ಯ ಸೀರೆ ಎತ್ತಿ ಸಿಕ್ಕಿಸಿ, ಆ ಕಡೆಯ ಬಾಗಿಲಿನಿಂದ ಹತ್ತಿ ಕೂತಳು. ಮೊದಲನೆಯ ಸ್ವಿಚ್ಚು ಹಾಕಿದಳು. ಬಾನೆಟ್ಟಿನೊಳಗೆ ಟರ್ರ್ ಎಂದು ಕಂಪ್ರೆಸರ್ ಕೂಗಿತು. ಅವಳಿಗೆ ಆತುರವಿಲ್ಲ. ಅದು ತಾನಾಗಿ ಬಾಯಿ ಮುಚ್ಚುವವರೆಗೆ ಕಾದಳು. (ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದವಳಿಗೆ ಆ ಅಭ್ಯಾಸ ಇದೆ.) ಆಮೇಲೆ ಎರಡನೆಯದು. ಎಲ್ಲೋ ಅಡಿಯಲ್ಲಿ ಟಕ್ ಎಂದಿತು. ಕ್ಲಚ್ ಬಿಟ್ಟದ್ದೂ ಗೊತ್ತಾಗಲಿಲ್ಲ. ಎರಡೂ ಚಕ್ರ ಒಟ್ಟಿಗೆ, ನಿಧಾನವಾಗಿ, ಮಣ್ಣನ್ನು ಹಿಡಿದು ತಿರುಗಿದವು. ಆರುನೂರು ಎಳನೀರಿನ ಗಾಡಿ ಕೊಟ್ಟಿಗೆಯಿಂದ ಹೊರಡುವ ಹಸುವಿನಂತೆ ತಲೆಯಾಡಿಸಿಕೊಂಡು ಕೆಸರಿನಿಂದ ಎದ್ದು ನಡೆಯಿತು.

ನಾನು ಆನಂದದಿಂದ ಚಪ್ಪಾಳೆ ತಟ್ಟಿದೆ. ಆಮೇಲೆ ಹೊಳೆಯಿತು: ಗಾಡಿ ಹೋಗುತ್ತಿದೆ, ನಾನಿಲ್ಲೇ ಇದ್ದೇನೆ.

"ಲೇ, ನಿಲ್ಸೇ! ನಾನೂ ಬತ್ತೀನಿ!"

"ಕೆಸರಲ್ ನಿಲ್ಲುಸ್ಬ್ಯಾಡಿ ಅಂದವ್ರೆ ಇಸಾಕಣ್ಣ!" ಕಿಟಕಿಯಿಂದ ಕೂಗಿದಳು. "ಒತ್ತಾಯ್ತದೆ, ಲಾರಿ ಒಂಟೋಯ್ತದೆ! ನೀವ್ ಬಸ್ಸಲ್ ಬನ್ನಿ!"

ಗಟ್ಟಿದಾರಿ ಸೇರಿದ ಮೇಲೆ ಒಂದು ಗಳಿಗೆ ನಿಲ್ಲಿಸಿ, ಎರಡೂ ಸ್ವಿಚ್ಚು ಆರಿಸಿ ಹೊರಟೇಹೋದಳು. ಟಾರು ರೋಡಿನಲ್ಲಿ ಲಾಕ್ ಹಾಕಿಕೊಂಡು ತಿರುಗಿಸಬಾರದು ಎಂಬುದು ಅವಳಿಗೆ ಗೊತ್ತಿತ್ತು. ನನಗೆ ಆಗ ಗೊತ್ತಾಯಿತು.

ಚಿಕ್ಕಮಾದಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡು ಗಾಡಿ ಹೋದ ದಾರಿಯನ್ನೇ ನೋಡುತ್ತಿದ್ದಳು. "ಎಂಥ ಎಣ್ಣ್ ಮಗ್ಳು! ಮಳವಳ್ಳಿಯವ್ರು ಬ್ಯಾಡ ಕಣ್ ಬುಡು. ತ್ವಾಟ ಅವಳ್ಗೇ ಇರ್ಲಿ." ಆಮೇಲೆ ನನ್ನ ಕಡೆ ತಿರುಗಿ, "ನೀನೇನ್ ಅಲ್ಲೇ ಬೇರ್ ಬುಡ್ತೀಯಾ?" ಎಂದು ಒಣಗಿದ ತೆಂಗಿನಗರಿಯೊಂದನ್ನು ಚಾಚಿದಳು.

ಗರಿ ಹಿಡಿದು ಜೋರಾಗಿ ಎಳೆದುಕೊಂಡೆ. ಅದರ ತುದಿ ಕಿತ್ತು ನನ್ನ ಕೈಗೆ ಬಂತು. ನಾನು ಮುಖ ಮುಂದಾಗಿ, ಪೂರ್ಣಪ್ರಮಾಣದಲ್ಲಿ, ಭೂತಾಯಿಗೆ ನಮಸ್ಕಾರ ಹಾಕಿದೆ. ಎದ್ದು ದಡಕ್ಕೆ ಬರುವಷ್ಟರಲ್ಲಿ ಎರಡೂ ಚಪ್ಪಲಿ ಚಿಕ್ಕಮಾದಮ್ಮನ ಆಸ್ತಿಗೆ ಸೇರಿದ್ದವು.

"ಟ್ಯಾಕ್ಟರಲ್ ಬುಟ್ಕೊಡ್ಲಾ ಬಾವ?" ನಿಂಗಯ್ಯ ಕೇಳಿದ. ನಗು ತಡೆದು ತಡೆದು ಅವನ ಕಣ್ಣಲ್ಲಿ ನೀರಾಡುತ್ತಿತ್ತು.

"ಬ್ಯಾಡ," ಎಂದೆ. ಮೈಮೇಲೆ ಇನ್ನೇನೂ ಉಳಿದಿರದಿದ್ದರೂ ಅಭಿಮಾನ ಇತ್ತು.

ರಸ್ತೆಗೆ ನಡೆದು ಮದ್ದೂರಿನ ಬಸ್ಸಿಗೆ ಕೈ ಅಡ್ಡ ಹಿಡಿದೆ. ಕಂಡಕ್ಟರ್ ನನ್ನನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಎಮ್ಮೆ ತೊಳೆಯಕ್ ಓಗಿದ್ಯೋ, ಎಮ್ಮೆನೇ ನಿನ್ನ ತೊಳೀತೋ? ಸೀಟ್ ಮುಟ್ಬ್ಯಾಡ, ಬಾಗ್ಲಲ್ಲೇ ನಿಂತ್ಕ."

ಬಾಗಿಲಲ್ಲೇ ನಿಂತೆ. ಮೂರ್ನಾಲ್ಕು ಮೈಲಿ ಹೋಗುವಷ್ಟರಲ್ಲಿ ಮುಂದೆ ನಮ್ಮ ಪಿಕಪ್ ಕಂಡಿತು. ಕಬ್ಬಿನ ಗಾಡಿಗಳ ಸಾಲಿನ ನಡುವೆ ಹಾವಿನಂತೆ ನುಸುಳುತ್ತಿತ್ತು. ಬಸ್ಸಿನ ಹೆಂಗಸರೆಲ್ಲ ಕಿಟಕಿಗೆ ಬಂದರು.

"ನೋಡ್ರೀ, ಎಂಗಸು ಓಡುಸ್ತಾವ್ಳೆ! ಅಷ್ಟು ಲೋಡಲ್ಲಿ!"

ನನ್ನ ಎದೆ ಉಬ್ಬಿ ಒಣಗಿದ ಕೆಸರು ಚಟಚಟನೆ ಬಿರುಕುಬಿಟ್ಟಿತು. "ಅವ್ಳು ನನ್ ಎಂಡ್ತಿ," ಎಂದೆ ಗಟ್ಟಿಯಾಗಿ.

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ಮಾತ್ರ ವಿಚಾರಣೆ ಮಾಡದೆ ಬಿಡುವವನಲ್ಲ. ಮುಂದಿನ ಸ್ಟಾಪಿನಲ್ಲಿ ಬಸ್ಸು ನಿಂತಾಗ ಸೌಮ್ಯಳೂ ಲೋಡಿನ ಹಗ್ಗ ಬಿಗಿಯಲು ಅಲ್ಲೇ ಇಳಿದಿದ್ದಳು. ಅವನು ಬಾಗಿಲಿನಿಂದ ಬಗ್ಗಿ ಕೂಗಿದ.

"ಅಮ್ಮಾ! ಈ ಯಪ್ಪ ನಿನ್ ಗಂಡ ಅಂತಾವ್ನೆ. ನಿಜ್ವಾ?"

ಸೌಮ್ಯ ಹಗ್ಗ ಬಿಟ್ಟು ತಿರುಗಿದಳು. ನನ್ನ ತಲೆಯಿಂದ ಕಾಲಿನವರೆಗೂ, ಕಾಲಿನಿಂದ ತಲೆಯವರೆಗೂ ಸಾವಧಾನವಾಗಿ ನೋಡಿದಳು. ಬಸ್ಸಿನಲ್ಲಿ ಐವತ್ತು ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

"ಈಗ್ಲೇ ಯೋಳಕ್ಕಾಗಕಿಲ್ಲ ಕಣಣ್ಣ," ಎಂದಳು. "ತೊಳ್ದು ನೋಡ್ಬೇಕು."